ಇನಿಶಿಯಲ್ಲುಗಳ ಮಂಗಳಯಾನ

ಹೆಸರು ಹೊಂದುತ್ತಿಲ್ಲ ಎಂದು ಕಚೇರಿಯೊಂದರ ಗುಮಾಸ್ತರು ಮೂರನೆಯ ಸಲ ನನ್ನನ್ನು ವಾಪಸು ಕಳುಹಿಸಿದ ಸಂಜೆ, ಮನೆಯ ಹಳೆಯ ಫೈಲನ್ನು ನೆಲದ ಮೇಲೆ ಸುರಿದುಕೊಂಡು ಕುಳಿತೆ. ನಾನು ನಾನೇ ಎಂದು ಸಾಧಿಸುವ ಕಾಗದ ಯಾವುದಾದರೂ ಸಿಕ್ಕೀತೇ ಎಂಬ ಆಸೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಂಚು ಹರಿದ ಪಡಿತರ ಚೀಟಿ, ಕಂದಾಯದ ರಸೀದಿಗಳು, ಯಾರದೋ ಮದುವೆಯ ಕರೆಯೋಲೆ. ಇವುಗಳ ನಡುವೆ ಬಣ್ಣದಲ್ಲಿ ಅಚ್ಚಾದ ಒಂದು ಬೋರ್ಡಿಂಗ್ ಪಾಸ್ ಸಿಕ್ಕಿತು. ಹೊರಡುವ ಸ್ಥಳ ಕೇಪ್ ಕೆನವೆರಲ್, ಫ್ಲಾರಿಡಾ. ತಲುಪುವ ಸ್ಥಳ ಯೆಜೆರೊ ಕುಳಿ, ಮಂಗಳ ಗ್ರಹ. ವಾಹನ ಅಟ್ಲಾಸ್ 5. ಪ್ರಯಾಣಿಕರ ಹೆಸರಿನ ಜಾಗದಲ್ಲಿ ಮೊದಲು ನಮ್ಮೂರಿನ ಹೆಸರಿತ್ತು, ಪಕ್ಕದಲ್ಲಿ ನಮ್ಮಪ್ಪನ ಹೆಸರಿತ್ತು. ನಾನು ಇರಲಿಲ್ಲ.

ಇದು 2019ರಲ್ಲಿ ನನ್ನ ತಂಗಿಯ ಮಗಳು ಮಾಡಿದ ಉಪಕಾರ. ಆಗ ಅವಳು ಎಂಟನೆಯ ತರಗತಿ. ಮುಂದಿನ ವರ್ಷ ಮಂಗಳಕ್ಕೆ ಹೋಗುವ ರೋವರ್‌ನಲ್ಲಿ ನಿಮ್ಮ ಹೆಸರನ್ನೂ ಒಯ್ಯುತ್ತೇವೆ, ಬನ್ನಿ ಎಂದು ನಾಸಾ ಜಗತ್ತಿಗೆಲ್ಲ ಕರೆ ಕೊಟ್ಟಿತ್ತು. ದುಡ್ಡಿಲ್ಲ ಕಾಸಿಲ್ಲ. ಹುಡುಗಿ ಒಂದೇ ಭಾನುವಾರ ಕುಳಿತು ಬಂಧುಬಳಗದ ಮೂವತ್ನಾಲ್ಕು ಜನರನ್ನು ಮಂಗಳಕ್ಕೆ ಹತ್ತಿಸಿದಳು. ಅವರ ಮನೆಯ ನಾಯಿಯೂ ಸೇರಿತ್ತು. ನನ್ನ ಹೆಸರನ್ನು ಪ್ಯಾನ್ ಕಾರ್ಡಿನ ಪ್ರತಿ ನೋಡಿ ಬರೆದಳಂತೆ. ಅದರಲ್ಲಿ ಊರು, ಅಪ್ಪ, ನಾನು ಎಂದು ಮೂರು ಪದಗಳಿವೆ. ನಾಸಾದವರು ಕೊಟ್ಟಿದ್ದು ಎರಡೇ ಖಾನೆ, ಮೊದಲ ಹೆಸರು ಮತ್ತು ಕೊನೆಯ ಹೆಸರು. ಅವಳು ಎಡದಿಂದ ಶುರುಮಾಡಿದಳು. ಖಾನೆ ಮುಗಿಯಿತು.

"ಜಾಗ ಇರಲಿಲ್ಲ ಮಾವ," ಎಂದಳು. ಬಸ್ಸಿನ ಕಂಡಕ್ಟರ್ ಹೇಳುವ ಹಾಗೆ.

ನಾಯಿಯ ಹೆಸರು ಮಾತ್ರ ಒಂದಕ್ಷರವೂ ತಪ್ಪದೆ ಹೋಗಿದೆ.

ಮಂಗಳ ಗ್ರಹವೆಂದರೆ ಜನ ಯಾಕೆ ಹೀಗೆ ಮೈಮೇಲೆ ಬಂದವರಂತೆ ಆಡುತ್ತಾರೆ ಎಂಬುದರ ಬಗ್ಗೆ ನನ್ನಲ್ಲಿ ಒಂದು ವಿಚಾರವಿದೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯಲು ಕುಳಿತದ್ದು. ಆದರೆ ಅದಕ್ಕೆ ಮೊದಲು ಈ ಇನಿಶಿಯಲ್ಲಿನ ವಿಷಯ ಮುಗಿಸಿಬಿಡುತ್ತೇನೆ.

ನಮ್ಮ ಹಳೆಯ ಮೈಸೂರಿನ ಕಡೆಯವರಿಗೆ ಅಡ್ಡಹೆಸರಿಲ್ಲ. ಉತ್ತರ ಕರ್ನಾಟಕದವರು ಪುಣ್ಯವಂತರು. ಪಾಟೀಲ, ಕುಲಕರ್ಣಿ ಇಲ್ಲದಿದ್ದರೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂದಾದರೂ ಒಂದು ಇರುತ್ತದೆ. ಕೊನೆಯ ಖಾನೆಯಲ್ಲಿ ಕಾಳು ಹಾಕಿದ ಹಾಗೆ ತುಂಬುತ್ತದೆ. ನಮಗೆ ಇರುವುದು ಎರಡು ಅಕ್ಷರ, ಎರಡು ಚುಕ್ಕಿ. ಆ ಚುಕ್ಕಿಗಳ ಹಿಂದೆ ಊರೂ ಅಪ್ಪನೂ ಬಾಗಿಲ ಸಂದಿಯಲ್ಲಿ ನಿಂತ ಹಾಗೆ ನಿಂತಿದ್ದರು. ಯಾರಿಗೂ ತೊಂದರೆಯಿರಲಿಲ್ಲ. ಕಂಪ್ಯೂಟರ್ ಬಂದದ್ದೇ ಬಂದದ್ದು, ಚುಕ್ಕಿ ಬೇಡ, ಬಿಡಿಸಿ ಬರೆಯಿರಿ ಎಂದಿತು. ಬಿಡಿಸಿದೆವು. ಅಂದಿನಿಂದ ಕೆಲವರು ನನ್ನನ್ನು ಅಪ್ಪನ ಹೆಸರಿನಿಂದ ಕರೆಯುತ್ತಾರೆ, ಉಳಿದವರು ಊರಿನ ಹೆಸರಿನಿಂದ. ಒಮ್ಮೆ ಆಸ್ಪತ್ರೆಯೊಂದರಲ್ಲಿ ಕುಳಿತಿದ್ದೆ. ಕೌಂಟರಿನ ಹುಡುಗಿ ನಮ್ಮೂರಿನ ಹೆಸರನ್ನು ಎರಡು ಸಲ ಗಟ್ಟಿಯಾಗಿ ಕೂಗಿದಳು. ಆಹಾ, ನಮ್ಮೂರಿನವರು ಯಾರೋ ಬಂದಿದ್ದಾರೆ ಎಂದು ಎದ್ದು ನಿಂತು ಸುತ್ತ ಹುಡುಕಿದೆ. ಯಾರೂ ಕಾಣಲಿಲ್ಲ. ಪಾಪ, ಊಟಕ್ಕೆ ಹೋಗಿರಬೇಕು ಎಂದುಕೊಂಡು ಕುಳಿತೆ. ನನ್ನ ಸರದಿ ಹೋಯಿತು. ವೈದ್ಯರು ಸಿಕ್ಕಾಗ ಗಂಟೆ ಮೂರಾಗಿತ್ತು, ರಕ್ತದೊತ್ತಡ ನೂರೈವತ್ತಾಗಿತ್ತು.

ಇಷ್ಟಕ್ಕೆಲ್ಲ ಮೂಲ ನಮ್ಮಪ್ಪನ ಜಿಪುಣತನ ಎಂದು ನನಗೆ ಗುಮಾನಿ. ತಂಗಿಯ ಮದುವೆಗೆ ಸ್ಟೀಲ್ ಪಾತ್ರೆ ತರಲು ಅಪ್ಪ ನನ್ನನ್ನು ಅರಸೀಕೆರೆಗೆ ಕರೆದುಕೊಂಡು ಹೋಗಿದ್ದರು. ಪಾತ್ರೆ ಕೊಂಡರೆ ಅದರ ಮೇಲೆ ಹೆಸರು ಹಾಕಿಸಲೇಬೇಕು. ಇಲ್ಲದಿದ್ದರೆ ಮದುವೆಮನೆಯ ಕೊಳಗ ಯಾರ ಅಟ್ಟ ಸೇರುತ್ತದೆಂದು ಹೇಳಲಾಗದು. ಅಂಗಡಿಯ ಮೂಲೆಯಲ್ಲಿ ಹೆಸರು ಹಾಕುವವನು ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಕೊಳಗವನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ದಪ್ಪ ಪೆನ್ನಿನಂಥ ಯಂತ್ರವನ್ನು ಅದರ ಅಂಚಿಗೆ ತಗುಲಿಸಿದರೆ ಝರ್ರ್ ಎಂದು ಹಲ್ಲು ಜುಮ್ಮೆನ್ನುವ ಸದ್ದು. ಸಣ್ಣ ಸಣ್ಣ ಚುಕ್ಕಿಗಳಲ್ಲಿ ಅಕ್ಷರ ಮೂಡುತ್ತಿತ್ತು. ನಡುನಡುವೆ ಅವನು ಬಾಯಿಯಿಂದ ಉಫ್ ಎಂದು ಪುಡಿ ಊದುತ್ತಿದ್ದ, ಹೆಬ್ಬೆರಳಿನಿಂದ ಸವರುತ್ತಿದ್ದ. ಕೂಲಿ ಅಕ್ಷರದ ಲೆಕ್ಕ. ಅಪ್ಪ ಅದನ್ನು ಕೇಳಿದವರೇ ಬೆರಳು ಮಡಚಿ ಎಣಿಸಿದರು. ಊರಿಗೆ ಐದು ಅಕ್ಷರ, ತಮಗೆ ನಾಲ್ಕು. ಪಾತ್ರೆ ಹದಿನೇಳು. "ಎರಡು ಅಕ್ಷರ ಹಾಕಪ್ಪ ಸಾಕು. ಊರಿಗೆಲ್ಲ ಗೊತ್ತಿದೆ ಯಾರದೆಂದು," ಎಂದರು. ಅವನು ತಲೆಯೆತ್ತಿ, "ಚುಕ್ಕಿ ಇಡಲೇ ಯಜಮಾನರೇ?" ಎಂದ. "ಚುಕ್ಕಿಗೆ ಎಷ್ಟು?" "ಚುಕ್ಕಿಗೆ ದುಡ್ಡಿಲ್ಲ." "ಹಾಗಾದರೆ ಎರಡಕ್ಕೂ ಇಡು," ಎಂದರು ಅಪ್ಪ, ಬಲು ಉದಾರವಾಗಿ. ಅದರಲ್ಲೊಂದು ಕೊಳಗ ಈಗಲೂ ನಮ್ಮ ಮನೆಯಲ್ಲಿದೆ. ನೀರಿಲ್ಲದ ದಿನ ತುಂಬಿಸಿಡುತ್ತೇವೆ. ಅಕ್ಷರಗಳು ಸವೆದಿವೆ, ಚುಕ್ಕಿಗಳು ಹಾಗೆಯೇ ಇವೆ.

ನಾಸಾದವರು ಬಳಸಿದ್ದೂ ಇದೇ ವಿದ್ಯೆ, ಆದರೆ ಎಲೆಕ್ಟ್ರಾನ್ ಕಿರಣದಿಂದ. ಉಗುರಿನಗಲದ ಮೂರು ಸಿಲಿಕಾನ್ ಚಿಪ್‌ಗಳ ಮೇಲೆ 1,09,32,295 ಹೆಸರುಗಳು. ಒಂದೊಂದು ಸಾಲೂ ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತ ಸಪೂರ. ಅವನ್ನು ಒಂದು ಅಲ್ಯುಮಿನಿಯಂ ತಗಡಿಗೆ ಕೂರಿಸಿ ರೋವರ್‌ನ ಹಿಂಬದಿಗೆ ಬಿಗಿದರು. ರೋವರ್‌ಗೆ ಪರ್ಸಿವಿಯರೆನ್ಸ್ ಎಂಬ ಹೆಸರು ಸೂಚಿಸಿದವನು ಏಳನೆಯ ತರಗತಿಯ ಒಬ್ಬ ಹುಡುಗ. ಸುಮಾರು 28,000 ಮಕ್ಕಳು ಬರೆದು ಕಳುಹಿಸಿದ್ದರಲ್ಲಿ ಅವನದು ಗೆದ್ದಿತು. ಯಂತ್ರದ ಹೆಸರಿಗೆ ಅಷ್ಟೊಂದು ಪರಿಶೀಲನೆ! ನನ್ನ ಹೆಸರಿನ ಮೇಲೆ ಯಾರಾದರೂ ಒಮ್ಮೆ ಕಣ್ಣಾಡಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅಕ್ಷರಕ್ಕೆ ಇಷ್ಟೆಂದು ಕಾಸು ಕೇಳಿದ್ದರೆ ಹುಡುಗಿಯೂ ಯೋಚಿಸಿ ಬರೆಯುತ್ತಿದ್ದಳು.

ಅದು ಇಳಿದದ್ದು 2021ರ ಫೆಬ್ರವರಿಯಲ್ಲಿ. ಅವರಿಗೆ 18ನೆಯ ತಾರೀಖು, ನಮಗೆ 19ರ ನಸುಕಿನ ಎರಡು ಗಂಟೆ ಇಪ್ಪತ್ತೈದು ನಿಮಿಷ. ಆ ಹೊತ್ತಿನಲ್ಲಿ ದೂರವಾಣಿ ಬಡಿದುಕೊಂಡರೆ ನಮ್ಮ ವಯಸ್ಸಿನವರು ಕೇಳುವುದು ಒಂದೇ.

"ಯಾರಮ್ಮ ಹೋದರು?"

"ಹೋಗಿಲ್ಲ ಮಾವ, ಇಳಿದರು! ನೀವೂ ಇಳಿದಿರಿ!"

ಅಳುತ್ತಿದ್ದಳು ಹುಡುಗಿ. ಗಂಟೆಗೆ ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರ್ ವೇಗದಲ್ಲಿ ಧುಮುಕಿದ ಒಂದು ಟನ್ ಭಾರದ ಯಂತ್ರ ಏಳೇ ನಿಮಿಷದಲ್ಲಿ, ಯಾರ ಅಪ್ಪಣೆಗೂ ಕಾಯದೆ, ಹಗ್ಗ ಕಟ್ಟಿ ಬಿಂದಿಗೆ ಇಳಿಸಿದ ಹಾಗೆ ಮೆಲ್ಲಗೆ ನೆಲ ಮುಟ್ಟಿತ್ತು. ಸುದ್ದಿ ಭೂಮಿಗೆ ಬರಲು ಹನ್ನೊಂದು ನಿಮಿಷಕ್ಕಿಂತ ಹೆಚ್ಚು ಬೇಕು. ಇವಳು ಉಸಿರು ಬಿಗಿಹಿಡಿದು ಕುಳಿತಿದ್ದಾಗ ಅದು ಆಗಲೇ ಅಲ್ಲಿ ಇಳಿದು ಧೂಳು ಕೊಡವಿಕೊಳ್ಳುತ್ತಿತ್ತು. ಇಳಿಯಿತೆಂದು ಜಗತ್ತಿಗೆ ಸಾರಿದ ದನಿ ಬೆಂಗಳೂರಿನಲ್ಲಿ ಹುಟ್ಟಿದ ಸ್ವಾತಿ ಮೋಹನ್ ಅವರದು, ಹಣೆಯಲ್ಲಿ ಬಿಂದಿ. ಮಗುವಾಗಿದ್ದಾಗಲೇ ಅಮೆರಿಕ ಸೇರಿದವರು. ಬೆಳಗಾಗುವುದರೊಳಗೆ ನಮ್ಮ ಬಡಾವಣೆಯ ವಾಟ್ಸಾಪ್ ಬಳಗದಲ್ಲಿ ಆ ಮಹಾತಾಯಿಯನ್ನು ಎತ್ತಿ ಆಡಿಸಿದವರೇ ನಾಲ್ಕು ಜನ ಹುಟ್ಟಿಕೊಂಡಿದ್ದರು.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಯಂತ್ರದ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಮೇಲಿನ ಮನೆಯ ನಿವೃತ್ತರ ಮೇಲಿದೆ. "ನಾವು ಇಳಿದುಬಿಟ್ಟೆವು ಸಾರ್," ಎಂದು ಮೆಟ್ಟಿಲಿನಲ್ಲಿ ಕೈ ಹಿಡಿದುಕೊಂಡರು. ಮಂಡಿನೋವಿನಿಂದ ಮೊದಲ ಮಹಡಿಯಿಂದ ಇಳಿಯಲು ಹತ್ತು ನಿಮಿಷ ತೆಗೆದುಕೊಳ್ಳುವ ಮಹಾಶಯರು. ಮಂಗಳದಲ್ಲಿ ನಗರ ಕಟ್ಟುತ್ತಾರಂತೆ, ಹತ್ತು ಲಕ್ಷ ಜನ ಇರುತ್ತಾರಂತೆ, ಮೊಮ್ಮಗನನ್ನು ಕಳುಹಿಸುತ್ತಾರಂತೆ. ಮಾರ್ಸ್ ಒನ್ ಎಂಬ ಡಚ್ ಕಂಪನಿ ಮಂಗಳದಲ್ಲಿ ನೆಲೆಸಲು ಜನ ಬೇಕೆಂದು ಅರ್ಜಿ ಕರೆದಿತ್ತು. ಹೋಗುವುದಕ್ಕೆ ಮಾತ್ರ, ಬರುವುದಿಲ್ಲ. ಆದರೂ ಜನ ಅರ್ಜಿ ಹಾಕಿದರು. 2019ರಲ್ಲಿ ಕಂಪನಿಯೇ ದಿವಾಳಿಯೆದ್ದು ಹೋಯಿತು. ಇದನ್ನು ಹೇಳಿದರೆ ನಿವೃತ್ತರು ನನ್ನನ್ನು ನಿರಾಶಾವಾದಿ ಎಂದರು. ಅವರ ಎದುರು ಮನೆಯವರು ಇನ್ನೊಂದು ತರಹ. ಮಂಗಳ ಎಂದೊಡನೆ "ಮೊದಲು ರಸ್ತೆಯ ಗುಂಡಿ ಮುಚ್ಚಲಿ" ಎನ್ನುತ್ತಾರೆ. ರಾಕೆಟ್ ಹಾರಿಸುವವರು ಕರಣೆ ಹಿಡಿದು ರಸ್ತೆಗೆ ಬರಬೇಕಂತೆ. ಅವರ ಮೇಲೂ ನನಗೆ ಅಷ್ಟೇ ಸಿಟ್ಟಿದೆ.

ನಮ್ಮ ಮಂಗಳಯಾನದ ಕಾಲದಲ್ಲೂ ಹೀಗೆಯೇ. 450 ಕೋಟಿ ರೂಪಾಯಿ, ಕಿಲೋಮೀಟರಿಗೆ ಏಳು ರೂಪಾಯಿ, ಆಟೊಗಿಂತ ಅಗ್ಗ ಎಂದು ಹೇಳಿದ್ದೇ ಹೇಳಿದ್ದು. ರಾತ್ರಿ ಹತ್ತರ ಮೇಲೆ ಒಂದೂವರೆ ಬಾಡಿಗೆ ಕೇಳಲಿಲ್ಲವಲ್ಲ, ಅಷ್ಟರಮಟ್ಟಿಗೆ ಒಪ್ಪೋಣ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಪೀಣ್ಯದಲ್ಲಿ ಕುಳಿತು, ಬ್ಯಾಲಾಳಿನ 32 ಮೀಟರ್ ಅಗಲದ ಬುಟ್ಟಿಯಂಥ ಆಂಟೆನಾದಲ್ಲಿ ಕಿವಿಯಿಟ್ಟು, ಸುಮಾರು 300 ದಿನ ಮಲಗಿದ್ದ ಎಂಜಿನ್ನನ್ನು ಹೊತ್ತಿಸಿ ಮೊದಲ ಪ್ರಯತ್ನದಲ್ಲೇ ಕಕ್ಷೆಗೆ ಸೇರಿಸಿದ್ದು ಸಾಮಾನ್ಯವಲ್ಲ. ರೇಷ್ಮೆ ಸೀರೆಯುಟ್ಟು ಹೂ ಮುಡಿದ ಇಸ್ರೋದ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ತಬ್ಬಿ ನಗುತ್ತಿದ್ದ ಆ ಚಿತ್ರವನ್ನು ನಾನೂ ಪತ್ರಿಕೆಯಿಂದ ಕತ್ತರಿಸಿಟ್ಟಿದ್ದೆ. ಆರು ತಿಂಗಳ ಆಯುಸ್ಸೆಂದು ಕಳುಹಿಸಿದ ನೌಕೆ ಎಂಟು ವರ್ಷದ ಹತ್ತಿರ ಬಾಳಿತು. ಅದನ್ನು ಅಚ್ಚು ಹಾಕಿದ ಎರಡು ಸಾವಿರದ ನೋಟು ಅಷ್ಟೂ ಬಾಳಲಿಲ್ಲ. ಇದ್ದಷ್ಟು ದಿನವೂ ಯಾರೂ ಚಿಲ್ಲರೆ ಕೊಡಲಿಲ್ಲ.

ಎಲ್ಲಿದ್ದೆ? ಯೆಜೆರೊ. ಸ್ಲಾವಿಕ್ ಭಾಷೆಗಳಲ್ಲಿ ಅದಕ್ಕೆ ಕೆರೆ ಎಂದೇ ಅರ್ಥವಂತೆ. ಸುಮಾರು 45 ಕಿಲೋಮೀಟರ್ ಅಗಲದ ಕುಳಿ. ಮುನ್ನೂರೈವತ್ತು ಕೋಟಿ ವರ್ಷಗಳ ಹಿಂದೆ ಅಲ್ಲಿ ನೀರು ತುಂಬಿತ್ತು, ಹೊಳೆಯೊಂದು ಬಂದು ಮಣ್ಣು ಹರಡಿದ ಗುರುತು ಈಗಲೂ ಇದೆ. ಇದನ್ನು ತಿಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಧರ್ಮಾಂಬುಧಿ ಕೆರೆಯ ಮೇಲೆ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಮೇಲೆ ಕ್ರೀಡಾಂಗಣ ಕಟ್ಟಿದ ಊರಿನಲ್ಲಿ ನಲವತ್ತು ವರ್ಷ ದುಡಿದೂ ನನಗೊಂದು ನಿವೇಶನ ದಕ್ಕಲಿಲ್ಲ. ಕೊನೆಗೆ ಮಂಗಳದಲ್ಲಿ ದಕ್ಕಿದ ಕೂದಲೆಳೆಯಷ್ಟು ಜಾಗವೂ ಒಣಗಿದ ಕೆರೆಯ ಅಂಗಳದಲ್ಲಿಯೇ, ಅದೂ ಅಪ್ಪನ ಹೆಸರಿನಲ್ಲಿ. ಖಾತೆ ಬದಲಾವಣೆ ಆಗುವ ಹಾಗಿಲ್ಲ.

ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದರೋ. ಧರ್ಮಸ್ಥಳಕ್ಕೆ ಎರಡು ಸಲ, ಬೆಂಗಳೂರಿಗೆ ಮೂರು ಸಲ ಹೋಗಿದ್ದು ಬಿಟ್ಟರೆ ಊರು ಬಿಟ್ಟವರಲ್ಲ. 1969ರ ಜುಲೈಯಲ್ಲಿ ಚಂದ್ರನ ಮೇಲೆ ಮನುಷ್ಯ ಇಳಿದ ಸುದ್ದಿ ಶಾನುಭೋಗರ ಮನೆಯ ರೇಡಿಯೊದಲ್ಲಿ ಬಂದಾಗ ಅವರು ರಾಗಿ ಹೊಲದಲ್ಲಿ ಕಲ್ಲು ಆಯುತ್ತಿದ್ದರು. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಓಡಿಹೋಗಿ ಹೇಳಿದೆ.

"ಅಲ್ಲಿ ಇಳಿದು ಏನು ಮಾಡಿದರಂತೆ?" ಎಂದು ಬಗ್ಗಿದಲ್ಲಿಂದಲೇ ಕೇಳಿದರು.

"ಕಲ್ಲು ಆರಿಸಿಕೊಂಡರಂತೆ."

ಅಪ್ಪ ಸೊಂಟಕ್ಕೆ ಕೈಕೊಟ್ಟು ನೇರ ನಿಂತರು. ಮಂಕರಿಯ ಕಡೆ ನೋಡಿದರು. "ಎಷ್ಟು?" ಎಂದರು. ಅದು ನನಗೆ ಗೊತ್ತಿರಲಿಲ್ಲ. ಇಪ್ಪತ್ತೊಂದೂವರೆ ಕಿಲೋ ಎಂದು ಓದಿ ತಿಳಿಯುವ ಹೊತ್ತಿಗೆ ಹೇಳೋಣವೆಂದರೆ ಅವರಿರಲಿಲ್ಲ. ಅವರ ಒಂದು ಮಂಕರಿಗಿಂತ ಕಡಿಮೆಯೇ.

ಈಗ ಅವರ ಹೆಸರನ್ನು ಹೊತ್ತ ರೋವರ್ ಮಾಡುತ್ತಿರುವುದೂ ಕಲ್ಲು ಆಯುವ ಕೆಲಸವೇ. ಬಂಡೆ ಕೊರೆದು ಬೆರಳುದ್ದದ ಚೂರುಗಳನ್ನು ಕೊಳವೆಗೆ ತುಂಬಿ ಬಿರಡೆ ಬಿಗಿಯುತ್ತದೆ. ಹತ್ತು ಕೊಳವೆಗಳನ್ನು 2023ರ ಜನವರಿಯ ಹೊತ್ತಿಗೆ ಒಂದು ಕಡೆ ನೆಲದ ಮೇಲೆ ಇಟ್ಟು ಮುಂದೆ ಹೋಯಿತು, ಬದುವಿನ ಮೇಲೆ ಕಲ್ಲು ಪೇರಿಸಿಟ್ಟ ಹಾಗೆ. ಅವನ್ನು ಭೂಮಿಗೆ ತರಲು 1,100 ಕೋಟಿ ಡಾಲರ್ ತನಕ ತಗುಲಬಹುದೆಂದು 2024ರಲ್ಲಿ ಲೆಕ್ಕ ಬಂದು, ಇದು ನಮ್ಮ ಕೈಲಾಗದು ಎಂದು ನಾಸಾವೇ ತಲೆಯ ಮೇಲೆ ಕೈ ಹೊತ್ತು ಕುಳಿತಿತು. ಅಪ್ಪನಾಗಿದ್ದರೆ ಗಾಡಿ ಇಲ್ಲದೆ ಕಲ್ಲು ಆಯಲು ಹೊರಡುತ್ತಿರಲಿಲ್ಲ.

ಮರುದಿನ ಕಾಗದಗಳ ಕಟ್ಟು ಹಿಡಿದು ನಾಲ್ಕನೆಯ ಸಲ ಕಚೇರಿಗೆ ಹೋದೆ. ಗುಮಾಸ್ತರು ಒಂದೊಂದನ್ನೇ ತಿರುವಿದರು. ಅವಸರದಲ್ಲಿ ಬೋರ್ಡಿಂಗ್ ಪಾಸೂ ಸೇರಿಕೊಂಡಿತ್ತು. ಅದನ್ನು ಬೆಳಕಿಗೆ ಹಿಡಿದು, ಆಧಾರ್ ಪಕ್ಕದಲ್ಲಿಟ್ಟು, ಬೆರಳಿನಿಂದ ಅಕ್ಷರ ಅಕ್ಷರವಾಗಿ ತಾಳೆ ನೋಡಿದರು.

"ಇದರಲ್ಲೂ ಹೊಂದುತ್ತಿಲ್ಲವಲ್ಲ ಸಾರ್."

"ಅದು ಮಂಗಳದ್ದು," ಎಂದೆ.

"ಎಲ್ಲಿಯದಾದರೂ ಹೆಸರು ಹೊಂದಬೇಕು. ಒಂದು ಪ್ರಮಾಣಪತ್ರ ಮಾಡಿಸಿ ತಂದುಬಿಡಿ, ಮುಗಿಸಿಕೊಡುತ್ತೇನೆ."

ಕಚೇರಿಯ ಹೊರಗೆ ಹೊಂಗೆ ಮರದ ಕೆಳಗೆ ಬೆರಳಚ್ಚಿನವನಿದ್ದ. ಇಂಥವನ್ನು ದಿನಕ್ಕೆ ಇಪ್ಪತ್ತು ಹೊಡೆಯುವವನು, ಕೇಳದೆಯೇ ಶುರುಮಾಡಿದ. ಛಾಪಾ ಕಾಗದ ಹೊರಬಂತು, ನೋಟರಿ ಮೊಹರು ಒತ್ತಿದರು. ಸಹಿ ಹಾಕುವ ಮುನ್ನ ಓದಿಕೊಂಡೆ. ಮೊದಲು ಊರಿನ ಹೆಸರು, ಆಮೇಲೆ ಅಪ್ಪನ ಹೆಸರು, ಆಮೇಲೆ ನನ್ನದು. ಈ ಮೂರೂ ಹೆಸರುಗಳು ಒಬ್ಬನೇ ವ್ಯಕ್ತಿಯವೆಂದೂ, ಆ ವ್ಯಕ್ತಿ ನಾನೇ ಎಂದೂ, ದೇವರ ಸಾಕ್ಷಿಯಾಗಿ ಪ್ರಮಾಣ ಮಾಡಿ ಹೇಳುತ್ತೇನೆ ಎಂದಿತ್ತು.

ಸಹಿ ಹಾಕಿದೆ. ಚುಕ್ಕಿಗಳನ್ನು ಇಟ್ಟೆ.

"ಎಷ್ಟು ಪ್ರತಿ ಬೇಕು?" ಎಂದ ಬೆರಳಚ್ಚಿನವನು.