ಅಪ್ರದಕ್ಷಿಣೆ ಟೆಸ್ಟ್ ಡ್ರೈವ್

ಬೆಳಿಗ್ಗೆಯಿಂದ ಶೋರೂಮ್ ಹುಡುಗನದ್ದು ಇದು ಎರಡನೇ ಫೋನು. "ಸರ್, ನಿನ್ನೆ ಟೆಸ್ಟ್ ಡ್ರೈವ್ ಹೆಂಗಿತ್ತು ಸರ್? ಕಂಪನಿಯಿಂದ ಕಾಲ್ ಬರುತ್ತೆ, 10ಕ್ಕೆ 10 ಕೊಟ್ಬಿಡಿ ಸರ್, 9 ಕೊಟ್ರೂ ನಂಗೆ ಫೇಲ್ ಅಂತಾನೇ ಲೆಕ್ಕ." ಎಸ್ಸೆಸ್ಸೆಲ್ಸಿ ಗಣಿತದಲ್ಲಿ 35 ತಗೊಂಡು ಬೀದಿಗೆಲ್ಲಾ ಪೇಡ ಹಂಚಿದ ವಂಶ ನಮ್ದು, 9 ಫೇಲು ಅಂದ್ರೆ ನಂಗೆ ಅರ್ಥ ಆಗೋದಾದ್ರೂ ಹೆಂಗೆ. ಅದೂ ಅಲ್ದೆ ನಾನು ನಿನ್ನೆ ಓಡಿಸಿದ್ದು ಒಟ್ಟು ಹನ್ನೊಂದು ನಿಮಿಷ, ಅದರಲ್ಲಿ ಮೂರು ನಿಮಿಷ ಸೀಟು ಹಿಂದೆ ಮುಂದೆ ಮಾಡ್ಕೊಳ್ಳೋದ್ರಲ್ಲೇ ಹೋಯ್ತು.

ನಾವೆಂಥ ಜನ ಅಂತ ನಿಮಗೆ ಗೊತ್ತಲ್ಲ. ಬೆಂಡೆಕಾಯಿ ತುದಿ ಮುರಿದು ನೋಡದೆ ತಕ್ಕಡಿಗೆ ಹಾಕಲ್ಲ, ತೆಂಗಿನಕಾಯಿ ಕಿವಿ ಹತ್ರ ಅಲ್ಲಾಡಿಸದೆ ದುಡ್ಡು ಬಿಚ್ಚಲ್ಲ, ಸೀರೆ ಅಂಗಡೀಲಿ ನಲವತ್ತು ಸೀರೆ ಬಿಡಿಸಿ ಹಾಕ್ಸಿ "ಇನ್ನೊಂದು ರೌಂಡ್ ನೋಡ್ಕೊಂಡ್ ಬರ್ತೀವಿ" ಅಂತ ಎದ್ದು ಬರೋರು. ಏಳು ವರ್ಷ ಇಎಂಐ ಕಟ್ಟೋ ಕಾರನ್ನ ಮಾತ್ರ ಒಂದು ರೌಂಡ್ ಹೊಡೆದು "ಚೆನ್ನಾಗಿದೆ" ಅಂದ್ಬಿಡ್ತೀವಿ. ಈ ಸಲ ಹಂಗಾಗಬಾರದು ಅಂತ ನಾನು ಒಂದು ವಾರದಿಂದ ತಯಾರಿ ಮಾಡ್ಕೊಂಡಿದ್ದೆ. ಮನೆಮಂದಿಯೆಲ್ಲಾ ಕೂತಾಗ ಹಂಪಲ್ಲಿ ಅಡಿ ತಾಗುತ್ತಾ, ಎಸಿ ಹಾಕ್ಕೊಂಡು ಏರು ಹತ್ತುತ್ತಾ, ಕತ್ತಲಲ್ಲಿ ಹೆಡ್‌ಲೈಟು ಎಷ್ಟು ದೂರ ಬೀಳುತ್ತೆ, ಮುಖ್ಯವಾಗಿ ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಎರಡು ಕಂಬದ ನಡುವೆ ನಿಲ್ಲಿಸಿದ ಮೇಲೆ ಬಾಗಿಲು ತೆಗೆದು ಮನುಷ್ಯ ಆಚೆ ಬರಕ್ಕಾಗುತ್ತಾ. ಹೆಂಡ್ತಿ ಬ್ಲೌಸ್ ಅಳತೆ ತಗೊಳ್ಳೋ ಟೇಪನ್ನ ಬ್ಯಾಗಿಗೆ ಹಾಕ್ಕೊಂಡ್ಲು. ಮಗಳು ಸುಮ್ನೆ ಬಂದ್ಲು. ಅಮ್ಮನ್ನ ಯಾರೂ ಕರೀಲಿಲ್ಲ, "ಶುಭಕಾರ್ಯಕ್ಕೆ ಹೊರಟಿದೀರ, ದೊಡ್ಡೋರೊಬ್ಬರು ಬೇಡ್ವೇನೋ" ಅಂತ ಸೀರೆ ಬದಲಾಯಿಸ್ಕೊಂಡು ಬಂದು ಬಾಗಿಲಲ್ಲಿ ನಿಂತ್ರು.

ಶೋರೂಮ್ ಇರೋದು ಕನಕಪುರ ರೋಡಲ್ಲಿ, ಮೆಟ್ರೋ ಪಿಲ್ಲರ್ ಸಾಲಿನ ಪಕ್ಕ. ಒಳಗೆ ಕಾಲಿಟ್ರೆ ಎಡಕ್ಕೆ ಆಳೆತ್ತರದ ಗಣಪತಿ, ಬಲಕ್ಕೆ ಕಾಫಿ ಮೆಷಿನ್. ಅಮ್ಮ ಗಣಪತಿಗೆ, ನಾನು ಕಾಫಿಗೆ. ಸೇಲ್ಸ್ ಹುಡುಗ ಚೂಟಿ, ಇನ್ನೂ ಇಪ್ಪತ್ನಾಲ್ಕು ಇರಬಹುದು. ನನ್ನ ಲೈಸೆನ್ಸ್ ಫೋಟೋ ತೆಗೆದ, ಎರಡು ಕಡೆ ಸೈನ್ ಹಾಕಿಸ್ಕೊಂಡ, ಕಾರು ತಂದು ನಿಲ್ಸಿದ. ಕೂತ ತಕ್ಷಣ ಕಣ್ಣಿಗೆ ಬಿದ್ದಿದ್ದು ಪೆಟ್ರೋಲ್ ಮುಳ್ಳು, ಕೆಂಪಲ್ಲಿ ಮಲಗಿತ್ತು. ನಾನು ಇದುವರೆಗೆ ನಾಲ್ಕೈದು ಕಾರು ಟೆಸ್ಟ್ ಡ್ರೈವ್ ಮಾಡಿದೀನಿ, ಒಂದರಲ್ಲೂ ಪೆಟ್ರೋಲ್ ಇದ್ದಿದ್ದು ನೋಡಿಲ್ಲ. ಅಷ್ಟು ದೊಡ್ಡ ಗಾಜಿನ ಕಟ್ಟಡ ಕಟ್ಟಿದೋರಿಗೆ ಐದು ಲೀಟರ್ ಹಾಕ್ಸಕ್ಕೆ ಏನು ರೋಗ ಅಂತ! "ಇನ್ನೂ 30 ಕಿಲೋಮೀಟರ್ ಓಡುತ್ತೆ ಸರ್" ಅಂದ ಹುಡುಗ, ಎಸಿ ಫುಲ್ ಇಟ್ಟ, ಹಾಡು ಜೋರಾಗಿ ಹಾಕ್ದ. ಹಾಡು ಹಾಕೋದು ನಮ್ಮ ಖುಷಿಗಲ್ಲ, ಇಂಜಿನ್ನು ಟೈರು ಮಾಡೋ ಸದ್ದು ನಮ್ಮ ಕಿವಿಗೆ ಬೀಳದೇ ಇರ್ಲಿ ಅಂತ. ನಾನು ಆಫ್ ಮಾಡ್ದೆ. ಅವನು "ಸೌಂಡ್ ಕ್ವಾಲಿಟಿ ನೋಡಿ ಸರ್" ಅಂತ ಮತ್ತೆ ಹಾಕ್ದ. ಈ ಆಟ ಎರಡು ಸಲ ನಡೀತು.

"ಸರ್, ಲೆಫ್ಟ್ ತಗೊಳಿ." ತಗೊಂಡೆ. ಹೊಸ ಡಾಂಬರು, ಕೆನ್ನೆ ಥರ ನುಣುಪು. "ಸ್ಮೂತ್ ಅಲ್ವಾ ಸರ್?" ಬೆಂಗಳೂರಲ್ಲಿ ಇಂಥ ರಸ್ತೆ ಎಲ್ಲಿ ಹುಡುಕಿದ್ರಪ್ಪಾ ಅಂತ ನಾನು ಯೋಚಿಸ್ತಿರೋವಾಗ್ಲೇ "ಇಲ್ಲಿ ಲೆಫ್ಟ್ ಸರ್." ಖಾಲಿ ಲೇಔಟು, ನಾಯಿ ಸಮೇತ ಮಲಗಿದೆ. "ಮುಂದೆ ಲೆಫ್ಟ್ ಸರ್." ಇನ್ನೊಂದು ಲೆಫ್ಟ್ ತಗೊಂಡು ನೋಡಿದ್ರೆ ಎದುರಿಗೆ ಅದೇ ಗಾಜಿನ ಕಟ್ಟಡ. "ಅಷ್ಟೇನಾ?" ಅಂದೆ. "ಇನ್ನೊಂದು ರೌಂಡ್ ಬೇಕಾದ್ರೆ ಹೋಗೋಣ ಸರ್, ರೂಟ್ ಇದೇ, ಜಿಪಿಎಸ್ಸಲ್ಲಿ ಮ್ಯಾನೇಜರ್ ನೋಡ್ತಿರ್ತಾರೆ."

ಆಗ ಹಿಂದಿನ ಸೀಟಿಂದ ಅಮ್ಮ, "ಅಲ್ವೋ, ನಾನು ಆಗಿಂದ ನೋಡ್ತಿದೀನಿ, ಬರೀ ಎಡಕ್ಕೇ ತಿರುಗಿಸ್ತಿದೀಯ. ಒಳಗೆ ಗಣಪತಿ ಕೂತಿದಾನೆ, ಅವನಿಗೆ ಅಪ್ರದಕ್ಷಿಣೆ ಬಂದ್ಯಲ್ಲೋ!"

ಕಾರೊಳಗೆ ಹಾಡು ಬಿಟ್ರೆ ಬೇರೆ ಸದ್ದಿಲ್ಲ. ನಾನು ಮನಸ್ಸಲ್ಲೇ ಲೆಕ್ಕ ಹಾಕ್ದೆ, ಹೌದು, ಎಡಕ್ಕೆ ನಾಲ್ಕು ತಿರುವು ತಗೊಂಡ್ರೆ ಕಟ್ಟಡ ನಮ್ಮ ಎಡಗಡೆನೇ ಇರುತ್ತೆ, ಪ್ರದಕ್ಷಿಣೇಲಿ ದೇವರು ಬಲಕ್ಕಿರಬೇಕು. "ಅಜ್ಜಿ, ಗಣಪತಿಗೆ ಗೊತ್ತಾಗಲ್ಲ ಬಿಡಿ, ಅವನು ಒಳಗಿದಾನೆ" ಅಂತ ಮಗಳು. "ಮ್ಯಾನೇಜರಿಗೆ ಗೊತ್ತಾಗುತ್ತಂತೆ, ಗಣಪತಿಗೆ ಗೊತ್ತಾಗಲ್ವೇನೇ?" ಅಂತ ಅಮ್ಮ. ಹುಡುಗ ಕನ್ನಡಿಯಲ್ಲಿ ಅಮ್ಮನ ಮುಖ ನೋಡ್ದ. ತಿಂಗಳ ಕೊನೆ, ಟಾರ್ಗೆಟ್ಟು, ಮೇಲೆ ಈ ದೋಷ ಬೇರೆ. "ಅಮ್ಮ, ಹಂಗಾದ್ರೆ ಈಗೇನು ಮಾಡೋಣ?" "ಬಂದ ದಾರಿ ಉಲ್ಟಾ ಹೋಗ್ಲಿ, ಒಂದು ಸುತ್ತು ಸರಿಯಾಗಿ ಬಂದ್ರೆ ಆಯ್ತು." "ಯೂಟರ್ನ್ ಹೊಡೀಬೇಕಾಗುತ್ತೆ ಅಮ್ಮ, ತುಂಬಾ ಟ್ರಾಫಿಕ್." "ಟ್ರಾಫಿಕ್ಕಲ್ಲೇ ಅಲ್ವೇನಪ್ಪ ನಾವು ಇರೋದು?"

ನಾನು ಒಂದು ವಾರ ಪಟ್ಟಿ ಮಾಡಿ, ಬೇಡ್ಕೊಂಡು, ಜಗಳ ಆಡಿ ಪಡೀಬೇಕು ಅಂತಿದ್ದಿದ್ದನ್ನ ಅಮ್ಮ ಒಂದು ಶಾಸ್ತ್ರದಲ್ಲಿ ಗಿಟ್ಟಿಸಿದ್ರು.

ಶುರುವಾಯ್ತು ನಿಜವಾದ ಟೆಸ್ಟ್ ಡ್ರೈವ್. ಮೆಟ್ರೋ ಪಿಲ್ಲರ್ ನಡುವಿನ ಯೂಟರ್ನ್, ಹಿಂದೆ ನೀರಿನ ಟ್ಯಾಂಕರ್, ಪಕ್ಕದಲ್ಲಿ ಹೆಲ್ಮೆಟ್ ಒಳಗೆ ಫೋನ್ ತುರುಕಿಕೊಂಡ ಬೈಕಿನವನು, ಎದುರಿಗೆ ರಾಂಗ್ ಸೈಡಲ್ಲಿ ಬರ್ತಿರೋ ಆಟೋ. ಕಾರು ಎಎಂಟಿ, ಅಂದ್ರೆ ಗೇರ್‌ಬಾಕ್ಸ್ ಹಳೇ ಥರದ್ದೇ, ಕ್ಲಚ್ ಒತ್ತಿ ಗೇರ್ ಹಾಕೋ ಕೆಲಸ ಮಾತ್ರ ಮಷಿನ್ನಿಗೆ. ಖಾಲಿ ರಸ್ತೇಲಿ ಒಂದೇ ವೇಗದಲ್ಲಿ ಹೋದ್ರೆ ಬೆಣ್ಣೆ. ಟ್ರಾಫಿಕ್ಕಲ್ಲಿ ಒಂದರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಅದು ಯೋಚನೆ ಮಾಡಿ ಮಾಡಿ ಗೇರ್ ಹಾಕುತ್ತೆ, ಪ್ರತಿ ಸಲಾನೂ ಒಳಗಿರೋರ ತಲೆ ಒಂದು ಸಲ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತೆ. ಹುಡುಗ ಅಭ್ಯಾಸಬಲದಿಂದ "ಸ್ಮೂತ್ ಅಲ್ವಾ ಸರ್?" ಅಂದ. ಅದೇ ಹೊತ್ತಿಗೆ ಗೇರ್ ಬಿತ್ತು. ಐದೂ ಜನ ಒಟ್ಟಿಗೆ ಹೂಂ ಅಂತ ತಲೆ ಆಡಿಸಿದ್ವಿ. ಹಿಂದೆ ಅಮ್ಮ, ಹೆಂಡ್ತಿ, ಮಗಳು ಹರಿಕಥೆ ಕೇಳೋರ ಥರ ಸಾಲಾಗಿ ಹೂಂಗುಡ್ತಾ ಇದ್ರು. "ಪಿಕಪ್ಪೂ ಚೆನ್ನಾಗಿದೆ ಅಲ್ವಾ ಸರ್?" ಮತ್ತೆ ಗೇರ್, ಮತ್ತೆ ಹೂಂ. ಹೇಳಿದ್ದಕ್ಕೆಲ್ಲ ಇಷ್ಟು ಒಗ್ಗಟ್ಟಾಗಿ ಒಪ್ಪಿಕೊಂಡ ಗಿರಾಕಿಗಳು ಅವನಿಗೆ ಹಿಂದೆ ಸಿಕ್ಕಿರಲಿಕ್ಕಿಲ್ಲ.

ರೈಟ್ ತಿರುಗೋ ಕಡೆ ಸಣ್ಣ ಏರು. ಏರಲ್ಲಿ ಕಾರು ಹಿಂದಕ್ಕೆ ಜಾರದ ಹಾಗೆ ಹಿಡ್ಕೊಳ್ಳೋ ಹಿಲ್ ಹೋಲ್ಡ್ ಇದೆ ಅಂತ ಬ್ರೇಕ್ ಬಿಟ್ಟು ಧೈರ್ಯವಾಗಿ ಕೂತೆ, ಅದು ಎರಡು ಸೆಕೆಂಡ್ ಹಿಡ್ಕೊಳ್ತು, ಆಮೇಲೆ ನಿಮ್ಮ ಕಾರು ನೀವೇ ನೋಡ್ಕೊಳ್ಳಿ ಅಂತ ಬಿಟ್ಬಿಡ್ತು. ಟ್ಯಾಂಕರ್‌ನೋನು ಹಾರ್ನ್ ಮೇಲೆ ಹಾರ್ನ್. ಹುಡುಗ ಮೊದಲ ಸಲ ಹಾಡು ತಾನೇ ಆಫ್ ಮಾಡ್ದ.

ಅಷ್ಟರಲ್ಲಿ ಅಮ್ಮ ಹಿಂದಿಂದ "ಎಡಗಡೆ ಆಟೋ ಬರ್ತಿದೆ, ತಡ್ಕೋ... ಹೋಯ್ತು, ಈಗ ಎಳ್ಕೋ" ಅಂದ್ರು. ಸ್ಕ್ರೀನಲ್ಲಿ ಆಟೋ ಕಾಣಿಸ್ಕೊಂಡಿದ್ದು ಆಮೇಲೆ. ಹುಡುಗ 360 ಡಿಗ್ರಿ ಕ್ಯಾಮೆರಾ ಬಗ್ಗೆ ಭಾಷಣಕ್ಕೆ ರೆಡಿಯಾಗ್ತಿದ್ದೋನು ಬಾಯಿ ಮುಚ್ಕೊಂಡ.

ಈ ದನಿ ನಂಗೆ ಗೊತ್ತು. 1997ರಲ್ಲಿ ಅಪ್ಪ ಮಾರುತಿ 800 ತಗೊಂಡಾಗ ಟೆಸ್ಟ್ ಡ್ರೈವ್ ಅನ್ನೋ ಮಾತೇ ಬರ್ಲಿಲ್ಲ, ಯಾಕಂದ್ರೆ ಅಪ್ಪಂಗೆ ಡ್ರೈವಿಂಗೇ ಬರ್ತಿರ್ಲಿಲ್ಲ. ಪಕ್ಕದ್ಮನೆಯೋರು ಓಡಿಸ್ಕೊಂಡು ಬಂದು ಗೇಟ್ ಮುಂದೆ ನಿಲ್ಸಿದ್ರು, ಅಪ್ಪ ಒಂದು ತಿಂಗಳು ಬರೀ ಒರೆಸಿದ್ರು. ಆ ಮಾಡೆಲ್ಲಿಗೆ ಎಡಗಡೆ ಕನ್ನಡಿ ಇರ್ತಿರ್ಲಿಲ್ಲ. ಅಮ್ಮನೇ ಕನ್ನಡಿ. ಕಿಟಕಿಯಿಂದ ಕತ್ತು ಆಚೆ ಹಾಕಿ "ಬಸ್ ಇದೆ ರೀ, ತಡೀರಿ... ಹೋಯ್ತು, ಈಗ ಎಳ್ಕೊಳ್ಳಿ" ಅನ್ನೋರು. ಅಪ್ಪ ಒಂದು ದಿನಾನೂ ತಿರುಗಿ ನೋಡಿದ್ದು ನಂಗೆ ನೆನಪಿಲ್ಲ, ಅಮ್ಮ ಎಳ್ಕೊಳ್ಳಿ ಅಂದ್ರೆ ಎಳ್ಕೊಂಡ್ರು ಅಷ್ಟೇ. ನಿನ್ನೆ ಆ ಎಡಗಡೆ ಮುಂದಿನ ಸೀಟಲ್ಲಿ ಟೈ ಕಟ್ಕೊಂಡ ಹುಡುಗ ಕೂತಿದ್ದ, ಅಮ್ಮ ಹಿಂದಿನ ಸೀಟಿನ ಎಡತುದೀಲಿ ಕೂತು ಗಾಜಿಗೆ ಮುಖ ಆನಿಸ್ಕೊಂಡಿದ್ರು.

ಅಂತೂ ಪ್ರದಕ್ಷಿಣೆ ಮುಗೀತು, ಮ್ಯಾನೇಜರ್ ಬಾಗಿಲಲ್ಲೇ ಕಾಯ್ತಿದ್ದ. ಬೇಸ್‌ಮೆಂಟ್ ಮಾತು ಎತ್ತಿದೆ, "ರೂಟಲ್ಲಿ ಇಲ್ಲ ಸರ್" ಅಂದ. ಹೆಂಡ್ತಿ ಟೇಪ್ ತೆಗೆದ್ಲು. ದರ್ಜಿ ಟೇಪಿನ ಉದ್ದ ಒಂದೂವರೆ ಮೀಟರ್, ಕಾರು 3995 ಮಿಲಿಮೀಟರ್. ನಾಲ್ಕು ಮೀಟರ್ ದಾಟಿದ್ರೆ ತೆರಿಗೆ ಜಾಸ್ತಿ ಅಂತ ಕಂಪನಿಯೋರು ಐದು ಮಿಲಿಮೀಟರ್ ಉಳಿಸಿ ಬಾಲ ಕತ್ತರಿಸಿರ್ತಾರಲ್ಲ, ಅದು. ಮಗಳು ಬೆರಳಿಟ್ಟು ಗುರುತು ಹಿಡ್ಕೊಂಡ್ಲು, ಇವ್ಳು ಮೂರು ಸಲ ಟೇಪ್ ಹಾಕಿದ್ಲು, ಆಮೇಲೆ ಬಾಗಿಲು ಪೂರ್ತಿ ತೆಗೆಸಿ ಅದನ್ನೂ ಅಳೆದ್ಲು. ಪಕ್ಕದಲ್ಲಿ ಡೆಲಿವರಿ ತಗೊಳ್ತಿದ್ದ ಕುಟುಂಬ ಕೇಕ್ ಕತ್ತರಿಸೋದು ಬಿಟ್ಟು ನಮ್ಮನ್ನೇ ನೋಡ್ತಾ ಇತ್ತು. ಕೊನೆಗೆ ಆನ್ ರೋಡ್ ರೇಟಿನ ಹಾಳೆ ಬಂತು. 5 ಲಕ್ಷ ದಾಟಿ 10 ಲಕ್ಷದ ಒಳಗಿದ್ರೆ ರೋಡ್ ಟ್ಯಾಕ್ಸ್ ಶೇಕಡ 14, ದಾಟಿದ್ರೆ 17, ಅದರ ಮೇಲೆ ಸೆಸ್ಸು. ಇಷ್ಟು ರೋಡ್ ಟ್ಯಾಕ್ಸ್ ಕಟ್ಟಿದ ಮೇಲೆ ಆ ಕೆನ್ನೆಯಂಥ ರೋಡನ್ನೂ ಜೊತೆಗೆ ಮನೆಗೆ ಕಳಿಸಿಕೊಡಬೇಕು ಇವ್ರು.

ಮೂರನೇ ಫೋನ್ ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ, ಅಮ್ಮ ಎತ್ತಿದ್ರು. ಬಚ್ಚಲಮನೆವರೆಗೂ ಕೇಳಿಸ್ತಿತ್ತು.

"ಹೂಂ ಕಣಪ್ಪ, ಚೆನ್ನಾಗಿತ್ತು... ಹತ್ತಾ? ಕೊಡ್ಸೋಣ ಬಿಡು, ಪಾಪ ನೀನೇನು ಮಾಡ್ತೀಯ... ಬುಕಿಂಗಾ? ಅದು ಅವನು ಹೇಳ್ತಾನೆ, ನಂಗೊತ್ತಿಲ್ಲ... ಅದಿರ್ಲಿ, ಪೆಟ್ರೋಲ್ ಹಾಕ್ಸಿದ್ಯಾ?"