ಪಾಲಾಗದ ಮನೆ

ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ ಊರಿನಿಂದ ಯಾರೇ ಬರಲಿ, ಅವರನ್ನು ಡರ್ಬಿಶೈರ್‌ನ ಹಾರ್ಡ್‌ವಿಕ್ ಹಾಲ್‌ಗೆ ಎಳೆದುಕೊಂಡು ಹೋಗುವುದು ನನ್ನ ಚಾಳಿ. ಕಳೆದ ಸಲ ಅಮ್ಮ ಬಂದಿದ್ದಳು. ಗುಡ್ಡದ ಮೇಲಿನ ಮನೆಯನ್ನು ದೂರದಿಂದಲೇ ನೋಡಿ, "ಇಷ್ಟೊಂದು ಕಿಟಕಿ! ಒರೆಸೋರು ಯಾರೋ ಮಾರಾಯ?" ಅಂದಳು. ಗೋಡೆಗಿಂತ ಗಾಜೇ ಜಾಸ್ತಿ ಅಂತ ಇಲ್ಲಿಯವರೂ ಈ ಮನೆಯನ್ನು ಆಡಿಕೊಳ್ಳುತ್ತಾರೆ.

ಕಟ್ಟಿಸಿದವಳು ಬೆಸ್ ಅನ್ನುವ ಹೆಂಗಸು. ನಾಲ್ಕು ಮದುವೆಯಾಗಿ, ನಾಲ್ವರೂ ಗಂಡಂದಿರು ತೀರಿಕೊಂಡು, ದೇಶದ ದೊಡ್ಡ ಸಿರಿವಂತೆಯರಲ್ಲಿ ಒಬ್ಬಳಾಗಿದ್ದವಳು. 1590ರಲ್ಲಿ ಕೆಲಸ ಶುರುವಾಯಿತು, 1597ರಲ್ಲಿ ಅವಳು ಒಕ್ಕಲಾದಳು. ಆಗ ಅವಳಿಗೆ ಎಪ್ಪತ್ತರ ಆಸುಪಾಸು. ನಕ್ಷೆ ರಾಬರ್ಟ್ ಸ್ಮಿತ್‌ಸನ್‌ನದು ಅನ್ನುತ್ತಾರೆ. ಆರು ಗೋಪುರಗಳ ನೆತ್ತಿಯ ಮೇಲೂ ಅವಳ ಪೂರ್ತಿ ಹೆಸರಾದ ಎಲಿಜಬೆತ್ ಶ್ರೂಸ್‌ಬರಿಯ ಎರಡಕ್ಷರ, 'ಇ ಎಸ್', ಕಲ್ಲಿನಲ್ಲಿ ನಿಂತಿವೆ. ಆ ಕಾಲಕ್ಕೆ ಗಾಜು ಬಲು ದುಬಾರಿ. ಹೊರಗೋಡೆಯನ್ನೆಲ್ಲ ಕಿಟಕಿಗೆ ಬಿಡಬೇಕು ಅಂತ ಚಿಮಣಿಗಳನ್ನು ಒಳಗೋಡೆಗಳಿಗೆ ಸೇರಿಸಿದರು. ಮೇಲೆ ಹೋದಷ್ಟೂ ಅಂತಸ್ತು ಎತ್ತರ, ಕಿಟಕಿ ಉದ್ದ. ಕೆಳಗೆ ಆಳುಕಾಳು, ನಡುವೆ ಮನೆಮಂದಿ, ತುದಿಯಲ್ಲಿ ದರ್ಬಾರು. ಯಾರ ಜಾಗ ಎಲ್ಲಿ ಅಂತ ಅಂಗಳದಲ್ಲಿ ನಿಂತೇ ಹೇಳಬಹುದು.

ಮಲೆನಾಡಿನ ನಮ್ಮ ಅಜ್ಜಿಮನೆ ಇದಕ್ಕೆ ಪೂರಾ ಉಲ್ಟಾ. ತೊಟ್ಟಿಮನೆ. ಹೊರಗಿನವರಿಗೆ ಕಾಣುತ್ತಿದ್ದದ್ದು ಜಗಲಿ, ಹಂಚಿನ ಮಾಡು, ಅಷ್ಟೇ. ಬೆಳಕು ಬರುತ್ತಿದ್ದದ್ದು ನಡುವಿನ ತೊಟ್ಟಿಯಿಂದ, ಮಳೆ ಸಮೇತ. ಹಲಸಿನ ಕಂಬದ ಕೆತ್ತನೆ ನೋಡಬೇಕೆಂದರೆ ಒಳಗೇ ಬರಬೇಕಿತ್ತು.

ತಮಾಷೆ ಏನು ಅಂದರೆ, ಗಾಜಿನ ಮನೆಯ ಒಳಗೆ ಈಗ ನಸುಗತ್ತಲು. ಗೋಡೆಗೆ ತೂಗುಹಾಕಿದ ನೇಯ್ಗೆಗಳ ಬಣ್ಣ ಮಾಸಬಾರದು ಅಂತ ಪರದೆ ಇಳಿಬಿಟ್ಟಿರುತ್ತಾರೆ. ಅದರಲ್ಲಿ ಬೈಬಲ್‌ನ ವೀರ ಗಿಡಿಯನ್‌ನ ಕಥೆಯ ಹದಿಮೂರು ನೇಯ್ಗೆಗಳಿವೆ. ಒಂದೊಂದೂ ಸುಮಾರು ಆರು ಮೀಟರ್ ಎತ್ತರ. ಬೆಸ್ ಅವನ್ನು 1592ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಳು. ಹಳೆಯ ಮಾಲೀಕರ ಲಾಂಛನ ಬದಲಿಸುವ ಖರ್ಚಿಗೆ ಅಂತ ಚೌಕಾಸಿ ಮಾಡಿ ಐದು ಪೌಂಡ್ ಇಳಿಸಿದಳಂತೆ. ಅವರ ಲಾಂಛನದಲ್ಲಿ ಕೊಂಬಿಲ್ಲದ ಹೆಣ್ಣು ಜಿಂಕೆ. ಇವಳ ಮನೆತನದ್ದು ಗಂಡು. ಕೊಂಬು ಸೇರಿಸಿದಳು, ಕೆಲಸ ಮುಗೀತು! ಇವನ್ನೇ ಇತ್ತೀಚೆಗೆ ಒಂದೊಂದಾಗಿ ಇಳಿಸಿ, ತೊಳೆದು, ಹೊಲಿದು ಮತ್ತೆ ನೇತುಹಾಕಲು 24 ವರ್ಷ ಹಿಡಿಯಿತು. ಮುಗಿದದ್ದು 2023ರಲ್ಲಿ.

ಇಂಥದ್ದನ್ನು ಕಂಡಾಗ ನಮ್ಮವರು ತಕ್ಷಣ "ಅವರಿಗೆ ಹಳೆಯದರ ಬೆಲೆ ಗೊತ್ತು, ನಮಗಿಲ್ಲ" ಅಂದುಬಿಡುತ್ತಾರೆ. ನಾನೂ ಅಂದಿದ್ದೇನೆ. ಈಗ ಒಪ್ಪುವುದಿಲ್ಲ. ಬೆಸ್ ವಂಶದವರಿಗೆ ಚಾಟ್ಸ್‌ವರ್ತ್ ಅಂತ ಇನ್ನೂ ದೊಡ್ಡ ಮನೆ ಇತ್ತು, ಖರ್ಚೆಲ್ಲ ಅಲ್ಲಿಗೆ. ಇದನ್ನು ಯಾರೂ ಜಾಸ್ತಿ ಮುಟ್ಟಲಿಲ್ಲ, ಹಾಗಾಗಿ ಹಳೆಯ ರೂಪ ಉಳಿಯಿತು. ಅದಕ್ಕಿಂತ ಮುಖ್ಯ, ಆಸ್ತಿ ಒಬ್ಬ ಗಂಡುಮಗನಿಗೆ ಇಡಿಯಾಗಿ ಹೋಗುತ್ತಿತ್ತು. 1950ರಲ್ಲಿ ಈ ವಂಶದ ಯಜಮಾನ, ಡೆವನ್‌ಶೈರ್‌ನ ಹತ್ತನೇ ಡ್ಯೂಕ್ ಸತ್ತಾಗ ಸರ್ಕಾರ ಶೇಕಡಾ 80ರಷ್ಟು ಮರಣ ತೆರಿಗೆ ಕೇಳಿತು. ದುಡ್ಡಿನ ಬದಲು ಕುಟುಂಬ ಈ ಮನೆಯನ್ನೇ ಕೊಟ್ಟಿತು. 1959ರಲ್ಲಿ ಅದು ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯ ಕೈಗೆ ಬಂತು.

ನಮ್ಮ ಅಜ್ಜಿಮನೆಗೆ ಏಳು ಪಾಲು. ತೊಟ್ಟಿಯನ್ನು ಏಳು ಮಾಡಲಾಗುತ್ತದೆಯೇ? ಕಂಬ, ಬಾಗಿಲು, ತೊಲೆ ಎಲ್ಲ ಹಳೆ ಸಾಮಾನಿನ ವ್ಯಾಪಾರಿಯ ಲಾರಿ ಹತ್ತಿದವು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಇಂಥ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು, ನಿಜ. ಆದರೆ ಒಬ್ಬರು ಎಷ್ಟು ಮನೆ ಹೊತ್ತಾರು? ಪಾಲುದಾರರಿಗೆ ನ್ಯಾಯವಾದ ಬೆಲೆ ಕೊಟ್ಟು ಮನೆಯನ್ನು ಇಡಿಯಾಗಿ ಕೊಳ್ಳುವ ಒಂದು ಟ್ರಸ್ಟ್ ಪ್ರತಿ ಜಿಲ್ಲೆಗೂ ಬೇಕು ಅನ್ನುವುದು ನನ್ನ ಹಟ. ಇಲ್ಲಿಯ ತೆರಿಗೆ ದಾರಿ ನಮಗಿಲ್ಲ. ನಮ್ಮಲ್ಲಿ ಮರಣ ತೆರಿಗೆ 1985ರಲ್ಲೇ ರದ್ದಾಯಿತು.

ಇದನ್ನೆಲ್ಲ ಕಾರಿನಲ್ಲಿ ಬರುತ್ತಾ ಅಮ್ಮನಿಗೆ ಹೇಳುತ್ತಿದ್ದೆ. ಒಬ್ಬನಿಗೇ ಎಲ್ಲ ಹೋಗುತ್ತಿತ್ತು ಅನ್ನುವಲ್ಲಿ ತಡೆದಳು.

"ಅಂದ್ರೆ ಹೆಣ್ಣುಮಕ್ಕಳಿಗೆ?"

"ಮನೆ ಇಲ್ಲಮ್ಮ."

ಸ್ವಲ್ಪ ಹೊತ್ತು ಹೊರಗೆ ನೋಡಿದಳು. "ನನ್ನ ಪಾಲಿನ ದುಡ್ಡಲ್ಲೇ ಕಣೋ ನಿನ್ನ ಮೊದಲನೇ ವರ್ಷದ ಫೀಸು ಕಟ್ಟಿದ್ದು" ಅಂದಳು.