ಮಂಡ್ಯಕ್ಕೆ ಬಿಟ್ಟು ನೋಡೋಣ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಎಸಿ ಕೋಣೆಯಲ್ಲಿ ಮಂಡ್ಯದ ಕಬ್ಬಿನ ಹಣೆಬರಹ ತೀರ್ಮಾನವಾಯಿತು. ಬೆಳೆಗಾರರ ಆ್ಯಪಿನ ಹೊಸ ಆವೃತ್ತಿ ದಸರೆಯೊಳಗೆ ಹೊರಬರಬೇಕು. ಅದರಲ್ಲೊಂದು ಹೊಸ ಸೌಲಭ್ಯ: ಜಲ್ಲೆಯ ಫೋಟೊ ತೆಗೆದರೆ ಸಕ್ಕರೆ ಇಳುವರಿ ಎಷ್ಟು, ಕಟಾವು ಯಾವತ್ತು ಎಂದು ಫೋನೇ ಹೇಳುತ್ತದೆ.

ಹೇಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಟೆಸ್ಟಿಂಗಿನ ಹುಡುಗಿ ಮುಸುಕಿನ ಜೋಳದ ಕಡ್ಡಿ ತೋರಿಸಿದಾಗ ಶೇ 10.25 ಅಂದಿತು. ಪೊರಕೆ ತೋರಿಸಿದಾಗಲೂ ಶೇ 10.25. ಕೇಂದ್ರ ಸರ್ಕಾರ ಕಬ್ಬಿಗೆ ಎಫ್‌ಆರ್‌ಪಿ, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಗೊತ್ತು ಮಾಡುವಾಗ ಹಿಡಿಯುವ ಮೂಲ ಇಳುವರಿಯೂ ಅಷ್ಟೇ. ಪೊರಕೆಗೂ ನ್ಯಾಯಬೆಲೆ ಸಿಗುವ ಕಾಲ ಬಂತಲ್ಲ ಎಂದು ಖುಷಿಪಡಬೇಕು.

‘ಪ್ರಾಯೋಗಿಕ ಅಂತ ಒಂದು ಚೀಟಿ ಅಂಟಿಸಿ ಬಿಟ್ಬಿಡೋಣ’ ಎಂದರು ಮಾರಾಟ ವಿಭಾಗದ ಸಾಹೇಬರು. ಸಭೆಗೆ ಜೀವ ಬಂತು. ಚೀಟಿ ಎಡಕ್ಕೋ ಬಲಕ್ಕೋ? ಹಳದಿಯೋ ಕೇಸರಿಯೋ? ಕೆಂಪು ಬೇಡ, ರೈತರು ಹೆದರುತ್ತಾರೆ. ಹಸಿರೂ ಬೇಡ, ನಂಬಿಬಿಡುತ್ತಾರೆ. ಊಟದ ಹೊತ್ತಿಗೆ ಬೂದು ಬಣ್ಣಕ್ಕೆ ಸರ್ವಾನುಮತ ಸಿಕ್ಕಿತು. ಗದ್ದೆ ಬಿಸಿಲಲ್ಲಿ ಅದು ಕಾಣುವುದೇ ಇಲ್ಲ.

‘ಸರ್, ಹಾಕೋದಾದ್ರೆ ಆಫ್ ಮಾಡಿ ಹಾಕೋಣ’ ಎಂದಳು ಹುಡುಗಿ. 2024ರ ಅಕ್ಟೋಬರ್‌ನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.13ನೇ ಆವೃತ್ತಿ ಬಂದಾಗ, ಪ್ರೋಗ್ರಾಮುಗಳ ವೇಗ ಹೆಚ್ಚಿಸಲೆಂದು ಸೇರಿಸಿದ ಜೆಐಟಿ ಕಂಪೈಲರನ್ನು ಹಾಗೇ ಇಟ್ಟಿದ್ದರಂತೆ: ಬೇಕಾದವರು ಅದನ್ನು ಸೇರಿಸಿ ತಾವೇ ಬಿಲ್ಡ್ ಮಾಡಿಕೊಳ್ಳಬೇಕು, ಉಳಿದವರ ತಂಟೆಗೆ ಬರುವುದಿಲ್ಲ.

‘ಆಫ್ ಮಾಡಿಟ್ರೆ ಮಂತ್ರಿಗಳು ಬಟನ್ ಒತ್ತಿದಾಗ ಏನಮ್ಮ ತೋರಿಸೋದು?’

ಪ್ರಶ್ನೆ ಸರಿಯಾಗಿಯೇ ಇತ್ತು. ಕಬ್ಬಿಗಿಂತ ಮೊದಲು ಮಾಗಬೇಕಾದದ್ದು ಉದ್ಘಾಟನೆ.

ಮ್ಯಾನೇಜರು ಜಿಮೇಲಿನ ಉದಾಹರಣೆ ಎತ್ತಿದರು. 2004ರ ಏಪ್ರಿಲ್ 1ರಂದು ಹುಟ್ಟಿದ್ದು, ಬೀಟಾ, ಅಂದರೆ ಇನ್ನೂ ಪರೀಕ್ಷೆಯಲ್ಲಿದೆ, ಎಂಬ ಹಣೆಪಟ್ಟಿ ಕಳಚಿದ್ದು 2009ರ ಜುಲೈನಲ್ಲಿ. ಅಲ್ಲಿಯವರೆಗೆ ಯಾರಾದರೂ ಕೇಳಿದರೇ? ಕೇಳಲಿಲ್ಲ. ಹಣೆಪಟ್ಟಿ ಏನೇ ಇದ್ದರೂ ಮೇಲ್ ಹೋಗಿ ಮುಟ್ಟುತ್ತಿತ್ತು ಎಂಬ ಸಣ್ಣ ವಿಷಯವನ್ನು ಸಭೆಯಲ್ಲೂ ಯಾರೂ ಎತ್ತಲಿಲ್ಲ.

ಮೂಲೆಯಲ್ಲಿದ್ದ ಡೆವಲಪರ್ ಒಬ್ಬ ಅಮೆರಿಕದ ಷೇರು ವಹಿವಾಟು ಕಂಪನಿ ನೈಟ್ ಕ್ಯಾಪಿಟಲ್‌ನ ಕಥೆ ಶುರು ಮಾಡಿದ. 2012ರ ಆಗಸ್ಟ್ 1. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಲಿಲ್ಲ. ಕೋಡಿನೊಳಗಿನ ಸ್ವಿಚ್ಚಿನಂಥ ಹಳೆಯ ಫ್ಲ್ಯಾಗನ್ನೇ ಹೊಸ ಕೆಲಸಕ್ಕೆ ಬಳಸಿದ್ದರಿಂದ, ಆ ಸರ್ವರ್‌ನಲ್ಲಿ ಎಂದೋ ಕೈಬಿಟ್ಟಿದ್ದ ಕೋಡ್ ಎದ್ದು ಕೂತು ಷೇರು ಖರೀದಿಗೆ ಇಳಿಯಿತು. ಮುಕ್ಕಾಲು ಗಂಟೆಯಲ್ಲಿ ಸುಮಾರು 44 ಕೋಟಿ ಡಾಲರ್ ನಷ್ಟ.

‘ಅದು ಅಮೆರಿಕ ಕಣಯ್ಯ, ಕಂಪನಿ ದುಡ್ಡು ಹೋಯ್ತು. ಇಲ್ಲಿ ನಮ್ಮದೇನು ಹೋಗುತ್ತೆ?’

ಈ ಮಾತಿಗೆ ಯಾರ ಬಳಿಯೂ ಉತ್ತರವಿರಲಿಲ್ಲ, ಯಾಕೆಂದರೆ ಅದು ನಿಜ. ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುವುದು ಗದ್ದೆಯಲ್ಲಿ. ಹೆಬ್ಬಾಳದಲ್ಲಿ ಎಸಿ ಇದೆ. ಸೌಲಭ್ಯವನ್ನು ಆನ್ ಮಾಡಿಯೇ ಬಿಡುವುದೆಂದು, ‘ಆಗುವ ನಷ್ಟಕ್ಕೆ ನಾನೇ ಹೊಣೆ’ ಎಂಬ ಸಾಲಿನ ಪಕ್ಕ ಟಿಕ್ ಗುರುತನ್ನೂ ಮೊದಲೇ ಹಾಕಿಡುವುದೆಂದು ನಿರ್ಣಯವಾಯಿತು. ಆ ಸಾಲು ಇಂಗ್ಲಿಷಿನಲ್ಲಿದೆ. ಕನ್ನಡ ಅನುವಾದ ಮುಂದಿನ ಆವೃತ್ತಿಗೆ.

ಬಿಡುಗಡೆಯಾದ ವಾರದಲ್ಲೇ ಸಹಾಯವಾಣಿಗೆ ಮದ್ದೂರು ಕಡೆಯಿಂದ ಕರೆ.

‘ಅಲ್ಲ ಕಣವ್ವ, ಕಬ್ಬು ನಾಟಿ ಮಾಡಿ ಇನ್ನೂ ಆರು ತಿಂಗ್ಳಾಗಿಲ್ಲ. ನಿಮ್ ಫೋನು ನಾಳೀಕೇ ಕಡಿ ಅಂತದೆ?’

‘ಅಣ್ಣ, ಅದು ಪ್ರಾಯೋಗಿಕ.’

‘ಕಬ್ಬು ಪ್ರಾಯೋಗಿಕ ಅಲ್ಲ ಕಣವ್ವ. ಬ್ಯಾಂಕ್ ಸಾಲಾನೂ ಅಲ್ಲ. ಅದ ಮೊದ್ಲು ನಿಲ್ಸು.’

ದೂರನ್ನು ಸಭೆ ಗಂಭೀರವಾಗಿ ಪರಿಗಣಿಸಿತು. ಸೌಲಭ್ಯವನ್ನು ನಿಲ್ಲಿಸುವ ಬಟನ್ ಒಂದನ್ನು ಮುಂದಿನ ಆವೃತ್ತಿಯಲ್ಲಿ ಕೊಡುತ್ತಾರಂತೆ, ಸದ್ಯಕ್ಕೆ ಪ್ರಾಯೋಗಿಕವಾಗಿ.